ಮಡಚಿದ ದಾರಿ

ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಎತ್ತಿದ ಬಲಗಾಲನ್ನು ಡಾ. ಮಂದಾಕಿನಿ ಹೂಗಾರ ಚಿಲಿ ದೇಶದ ಸಾಂಟಿಯಾಗೊದಲ್ಲಿ ಊರಿದಳು. ನಡುವಿನ ಹದಿನಾರು ಸಾವಿರ ಕಿಲೋಮೀಟರ್ ಒಂದು ಹೊಸ್ತಿಲಿನಷ್ಟಾಗಿತ್ತು, ಅಷ್ಟೆ.

ಇದು ಅವಳೇ ಕಂಡುಹಿಡಿದ ದೂರಮಡಿಕೆ ಯಂತ್ರ. ಹಾಸಿದ ಸೀರೆಯ ತುದಿಯಿಂದ ತುದಿಗೆ ಇರುವೆ ನಡೆಯಬೇಕಾದರೆ ಹೊತ್ತು ಹಿಡಿಯುತ್ತದೆ; ಸೀರೆಯನ್ನೇ ಮಡಚಿದರೆ ಒಂದೇ ಹೆಜ್ಜೆ. ಯಂತ್ರ ದೂರವನ್ನು ಹಾಗೆ ಮಡಚುತ್ತಿತ್ತು. ಯಾರೂ ತಪ್ಪಿ ಬೇರೆಲ್ಲೋ ಇಳಿಯಬಾರದೆಂದು ಅವಳೇ ಒಂದು ಕಟ್ಟಳೆ ಇಟ್ಟಿದ್ದಳು: ಬೀಳ್ಕೊಟ್ಟವರು ಫೋನಿನಲ್ಲಿ ಹೋದವರ ದನಿ ಕೇಳಿ ‘ಮುಟ್ಟಿದರು’ ಎಂಬ ಗುಂಡಿ ಒತ್ತಬೇಕು. ಅಲ್ಲಿಯವರೆಗೆ ಮಡಿಕೆ ಬಿಚ್ಚದು, ಹಿಂದಿನವರಿಗೆ ದಾರಿ ಸಿಗದು.

ಆದರೆ ಹುಬ್ಬಳ್ಳಿಯ ಜನ ಗುಂಡಿ ಒತ್ತಲು ವಿಪರೀತ ತಡಮಾಡುತ್ತಿದ್ದರು. ಹೀಗೇ ಆದರೆ ಅಲ್ಲಿಯ ಬಾಗಿಲನ್ನೇ ಮುಚ್ಚುತ್ತೇವೆಂದು ಮೇಲಿನವರು ಎಚ್ಚರಿಸಿದ್ದರು. ಕಾರಣ ಹುಡುಕಲು ಬಂದ ಮಂದಾಕಿನಿ, ತನ್ನನ್ನು ಸಾಕಿದ ಚಿಗವ್ವ ನಿಂಬೆವ್ವನ ಮನೆಯಲ್ಲಿ ಉಳಿದು, ಏನೂ ತಿಳಿಯದೆ ತನ್ನ ಕೆಲಸದೂರು ಸಾಂಟಿಯಾಗೊಗೆ ಮರಳಿದ್ದಳು. ಈಗ ಅವಳ ಹಿಂದೆಯೇ ಸಾಲು ನಿಂತುಬಿಟ್ಟಿತು. ಗುಂಡಿ ಒತ್ತದವಳು ನಿಂಬೆವ್ವ!

“ಚಿಗವ್ವಾ, ನಾ ಮುಟ್ಟೀನಿ. ಒತ್ತವಾ ಅದನ್ನ.”

“ಏನವಸರ ನಿಂದು?”

“ತಾ ಮಾಡಿದ ಯಂತ್ರದಾಗ ತಾನ ಸಿಕ್ಕೊಂಡಾಳಂತ ಮಂದಿ ನಗಾಕ ಹತ್ತ್ಯಾರ.”

“ನಗಲಿ. ನಿನ್ನ ಯಂತ್ರ ಶಾಣ್ಯಾ ಐತಿ, ನೀ ಅಲ್ಲ.” ನಿಂಬೆವ್ವನ ದನಿ ಮೆತ್ತಗಾಯಿತು. “ಹ್ವಾದವರು ಊರು ಮುಟ್ಟೂತನಕ ಮನಿ ಕಸಾ ಹೊಡೀಬಾರದಲ್ಲ? ಮೊದಲ ಮೂರು ವಿಮಾನ ಬದಲಿಸಿ ಹೋಗತಿದ್ದಿ. ಅಷ್ಟೂ ಹೊತ್ತು ನಿನ್ನ ಹಾಸಿಗಿ ಮಡಚತಿರಲಿಲ್ಲ, ಚಾದ ಕಪ್ಪು ತೊಳೀತಿರಲಿಲ್ಲ. ನೀ ಅರ್ಧ ಮನ್ಯಾಗ ಇದ್ದಂಗ ಇರತಿತ್ತು. ಈಗ ಬೀಸಿದ ಕೈ ಇಳಿಸೂದ್ರಾಗ ಮುಟ್ಟೀನಿ ಅಂತಿ. ಹೆಂಗ ಕಸಬರಗಿ ಹಿಡೀಲವಾ?”

ಮಂದಾಕಿನಿಗೆ ಆ ಹಳೆಯ ವಿಮಾನಗಳು ನೆನಪಾದವು. ಸಮುದ್ರದ ಮೇಲೆಲ್ಲೋ ಚಿಗವ್ವ ಕಟ್ಟಿಕೊಟ್ಟ ಗಂಟು ಬಿಚ್ಚಿದರೆ ಸೇಂಗಾ ಹೋಳಿಗೆಯ ಜೊತೆಗೆ ಅಡುಗೆಮನೆಯ ಗಮವೂ ಹೊರಬರುತ್ತಿತ್ತು. ಚಿಗವ್ವನ ಕತೆಗಳಲ್ಲಿಯೂ ಹಾಗೆಯೇ. ರಾಜಕುಮಾರ ಏಳು ಸಮುದ್ರ ದಾಟುವಷ್ಟರಲ್ಲಿ ಇವಳಿಗೆ ನಿದ್ದೆ ಬಂದಿರುತ್ತಿತ್ತು. ಒಂದೇ ಹೆಜ್ಜೆಯಲ್ಲಿ ದಾಟಿದ್ದರೆ ಅದು ಕತೆಯೇ ಆಗುತ್ತಿರಲಿಲ್ಲ.

“ಈ ಸಲ ಒತ್ತಿಬಿಡು ಚಿಗವ್ವಾ. ಮುಂದಿನ ಸಲ ಲಗೂನ ಮುಟ್ಟಂಗಿಲ್ಲ.”

“ಆಣಿ?”

“ನಿನ್ನಾಣಿ.”

ಮಡಿಕೆ ಬಿಚ್ಚಿತು.

ಮಂದಾಕಿನಿ ಕಟ್ಟಳೆ ಬದಲಿಸಿದಳು. ಗುಂಡಿ ಹೋಯಿತು; ಹೋದವರು ಸರಿಯಾದ ಕಡೆ ಇಳಿದರೇ ಎಂಬುದನ್ನು ಯಂತ್ರವೇ ನೋಡಿಕೊಂಡಿತು. ಹುಬ್ಬಳ್ಳಿ ನಿಲ್ದಾಣದ ಮಗ್ಗುಲಲ್ಲಿ ಅವಳೊಂದು ‘ದಾರಿಮನೆ’ ಕಟ್ಟಿಸಿದಳು. ಬೇಕಾದವರು ಬೇಕಾದಷ್ಟು ಹೊತ್ತು ಅಲ್ಲಿ ಕೂತು, ಆಮೇಲೆ ದಾಟಿ, ಮನೆಗೆ ಸುದ್ದಿ ಮುಟ್ಟಿಸಬಹುದು. ವಿಮಾನದೊಳಗಿನಂತೆಯೇ ಮೊಣಕಾಲು ತಾಗುವ ಇಕ್ಕಟ್ಟು ಕುರ್ಚಿಗಳು, ಗುಂಡುಮೂಲೆಯ ಪುಟ್ಟ ಕಿಟಕಿಗಳು. ಇದೆಂಥ ಹುಚ್ಚು ಎಂದು ಮೇಲಿನವರು ನಕ್ಕರು. ತಿಂಗಳೊಪ್ಪತ್ತಿನಲ್ಲಿ ಅಲ್ಲಿ ಜಾಗ ಸಿಗುವುದೇ ಕಷ್ಟವಾಯಿತು.

ಮುಂದಿನ ಸಲ ಚಿಗವ್ವನನ್ನು ಬೀಳ್ಕೊಂಡು ಮಂದಾಕಿನಿಯೂ ಬಂದು ಕೂತಳು. ಪಕ್ಕದವನ ಮೊಣಕೈ ತಿವಿಯುತ್ತಿತ್ತು. ಕಿಟಕಿಯಾಚೆ ಬರೀ ಗೋಡೆ. ಅದನ್ನೇ ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿ ಬಂತು. ದೂರ ಮಡಚಿದಾಗಿನಿಂದ ಅವಳಿಗೆ ಅಳುವುದಕ್ಕೆ ಹೊತ್ತೇ ಸಿಕ್ಕಿರಲಿಲ್ಲ.