ಬಣ್ಣ ತಪ್ಪಿದ ಗಿಲಕಿ

"ನೀವ್ಯಾಕೆ ಓದ್ಲಿಲ್ಲ?"

ಚನ್ನಪಟ್ಟಣದ ಗ್ರಂಥಾಲಯದ ಮೆಟ್ಟಿಲ ಮೇಲೆ ನಿಖಾತ್ ಅವನ ದಾರಿಗೆ ಅಡ್ಡ ನಿಂತಳು. ಆರು ತಿಂಗಳ ಪರಿಚಯದಲ್ಲಿ, ಮರದ ಗೊಂಬೆ ಮಾಡುವ ತೌಹೀದನ ಎದುರು ಅವಳು ದನಿ ಎತ್ತಿದ್ದು ಇದೇ ಮೊದಲು.

ಮುಂಬೈ ದಾಳಿ ನಡೆದು ಹತ್ತು ದಿನ. ಊರಿನ ಬರಹಗಾರರು ಒಳಗೆ ಸಂತಾಪ ಸಭೆ ಸೇರಿದ್ದರು. ಎಲ್ಲರ ಕವಿತೆಯಲ್ಲೂ ರಕ್ತ, ಬೆಂಕಿ. ನಿಖಾತ್ ಓದಿದ್ದೂ ಅದನ್ನೇ, ಎಲ್ಲರಿಗಿಂತ ಜೋರಾಗಿ.

ಕೊನೆಗೆ ಅಧ್ಯಕ್ಷರಾದ ಗಂಗಹನುಮಯ್ಯ, "ಬಾಪ್ಪಾ ತೌಹೀದ, ನೀನೂ ಒಸಿ ಓದು. ಕತೆ ಬರೆಯೋನು ಸುಮ್ಕಿದ್ರೆ ಆಯ್ತದಾ?" ಎಂದಿದ್ದರು.

"ನನ್ನತ್ರ ಏನೂ ಇಲ್ಲ ಸಾರ್," ಎಂದು ಅವನು ಕೂತುಬಿಟ್ಟಿದ್ದ.

ಎಲ್ಲರ ಕಣ್ಣು ಅವನನ್ನು ದಾಟಿ ನಿಖಾತ್ ಮೇಲೆ ಬಂದು ನಿಂತಿತ್ತು. ಅಲ್ಲಿದ್ದ ಮುಸಲ್ಮಾನರು ಅವರಿಬ್ಬರೇ.

"ನಾಲ್ಕು ಸಾಲು ಸಾಕಿತ್ತು. ನಿಮ್ಮ ಎದೇನೂ ಗೊಂಬೆ ಥರ ಮರದಲ್ಲೇ ಮಾಡಿದ್ದಾ?"

ನಾಳೆ ಅವನ ತಾಯಿ ರೋಶನ್ ಬೀ ಅವಳ ಮನೆಗೆ ಹೆಣ್ಣು ಕೇಳಲು ಬರುವವರಿದ್ದರು. ಇಂಥವನಿಗೆ ಹೂಂ ಅನ್ನುವುದು ಹೇಗೆ...

ಅವನು ಜೇಬಿನಿಂದ ಪತ್ರಿಕೆಯ ತುಂಡೊಂದನ್ನು ತೆಗೆದ. ಅದರ ಫೋಟೋದಲ್ಲಿ ಮುಂಬೈ ರೈಲು ನಿಲ್ದಾಣದ ನೆಲ. ಚೆಲ್ಲಿದ ಚಪ್ಪಲಿಗಳ ನಡುವೆ ಒಂದು ಮರದ ಗಿಲಕಿ.

"ಇದು ನಾನು ಮಾಡಿದ್ದು."

"ಊರು ತುಂಬಾ ಗಿಲಕಿ ಮಾಡ್ತಾರೆ."

"ಕೆಂಪಾದ್ಮೇಲೆ ಹಳದಿ ಪಟ್ಟೆ ಬರ್ಬೇಕು. ಇಲ್ಲಿ ಹಸಿರೈತೆ, ನೋಡಿ. ಲೇತ್ ತಿರುಗ್ತಿದ್ದಾಗ ಬೇರೆ ಬಣ್ಣದ ಅರಗಿನ ಕಡ್ಡಿ ಒತ್ಬುಟ್ಟೆ. ಅಂಥದ್ದು ಅದೊಂದೇ. ಸಾಹುಕಾರ್ ತಾಜ್ ಪಾಷಾ ಬೈದು ಮುಂಬೈ ಲೋಡಿಗೆ ಹಾಕಿದ್ರು."

ಅವಳು ಫೋಟೋವನ್ನು ಕೈಗೆ ತೆಗೆದುಕೊಂಡಳು. "ಇದ್ರಲ್ಲಿ ಆಡ್ತಿದ್ದ ಮಗು?"

"ಅದೇ ಗೊತ್ತಿಲ್ಲ. ಈ ಫೋಟೋ ತೆಗೆದವರಿಗೆ ದಿನಾ ಫೋನ್ ಮಾಡ್ತಿದೀನಿ, ಹುಡುಕ್ತಿದಾರೆ. ರಕ್ತ ಅಂತ ಬರೆಯೋಕೆ ಕೂತ್ರೆ... ಆ ಮಗೂದೇ ಆಗ್ಬುಡುತ್ತೇನೋ ಅನ್ಸುತ್ತೆ."

ನಿಖಾತ್‌ಗೆ ತನ್ನ ಜೋರು ಕವಿತೆ ನೆನಪಾಗಿ ನಾಚಿಕೆಯಾಯಿತು. ಅದನ್ನು ಅವಳು ಸತ್ತವರಿಗಾಗಿ ಬರೆದಿರಲಿಲ್ಲ. ಸಭೆಯಲ್ಲಿ ತನ್ನನ್ನೇ ನೋಡುವವರಿಗಾಗಿ ಬರೆದಿದ್ದಳು.

ಅಷ್ಟರಲ್ಲಿ ಅವನ ಮೊಬೈಲ್ ಬಡಿದುಕೊಂಡಿತು. ಫೋಟೋ ತೆಗೆದವರದೇ ಕರೆ, ಹಿಂದಿಯಲ್ಲಿ ಎರಡು ಮಾತು. ಅವನು ಮೆಟ್ಟಿಲ ಮೇಲೆ ಕೂತ.

"ಮಗು ಬದುಕಿದಾಳೆ. ಅಜ್ಜಿ ಹತ್ರ ಇದಾಳಂತೆ. ಅವಳಮ್ಮನ ಕಾಲಿಗೆ ಪೆಟ್ಟಾಗಿತ್ತು, ಆಸ್ಪತ್ರೆಯಿಂದ ನಿನ್ನೆ ಮನೆಗೆ ಬಂದ್ರಂತೆ."

ನಿಖಾತ್ ಪಕ್ಕದಲ್ಲೇ ಕೂತಳು. ಇಬ್ಬರೂ ಅತ್ತರು, ಯಾರು ನೋಡಿದರೂ ನೋಡಲಿ ಎಂಬಂತೆ. ಹತ್ತು ದಿನಗಳಲ್ಲಿ ಮೊದಲ ಬಾರಿಗೆ ಅವಳ ಉಸಿರು ಸಲೀಸಾಗಿ ಆಡಿತು.

"ಅಮ್ಮಿ ನಾಳೆ ಬರೋದು ಬೇಡ ಅಂತ ಹೇಳ್ಲಾ?" ಅವನು ನೆಲ ನೋಡುತ್ತ ಕೇಳಿದ.

"ಬರ್ಲಿ. ತಿಂಡಿ ತಿಂದ್ಕೊಂಡು ಬರ್ಬೇಡಿ ಅಂತ ಹೇಳಿ."

ಅವನ ಮುಖದಲ್ಲಿ ನಗು ಅರಳಿತು.

"ಈಗ ಬರೀತೀರಾ?"

"ಮೊದ್ಲು ಗಿಲಕಿ ಮಾಡ್ಬೇಕು. ಆ ಮಗೂದು ಅಲ್ಲೇ ಬಿದ್ದೋಯ್ತಲ್ಲ."

"ಹಸಿರು ಪಟ್ಟೇದೇನಾ? ಅವತ್ಯಾಕೆ ಕೈ ತಪ್ಪಿದ್ದು?"

"ಜೂನಲ್ಲಿ ಅಕ್ಕನ ಮಗೂಗೆ ಗೊಂಬೆ ಬೇಕು ಅಂತ ನೀವು ನಮ್ಮ ಕಾರ್ಖಾನೆ ಬಾಗಿಲಲ್ಲಿ ಬಂದು ನಿಂತ್ರಲ್ಲ... ಅವತ್ತೇ."

ನಿಖಾತ್ ಫೋಟೋ ಮಡಚಿ ಅವನ ಕೈಯಲ್ಲಿಟ್ಟಳು. "ಹಂಗಾದ್ರೆ ನಾನೂ ಬರ್ತೀನಿ. ಎದುರಿಗೇ ಕೂತ್ಕೋತೀನಿ."