ಬೀಜದ ಮತಪೆಟ್ಟಿಗೆ

ನವೆಂಬರ್ ಎಂಟರ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅಹ್ಮದ್ ಕುಂಞಿ ಎಂಬ ವ್ಯಾಪಾರಿ ಠಾಣೆಗೆ ಬಂದು, ಕುವೈತಿನ ರುಮೈಥಿಯಾದ ತಮ್ಮ ಅಂಗಡಿಯ ಹಿಂದಿನ ಕೋಣೆಯಿಂದ ಒಂದು ಕಬ್ಬಿಣದ ಪೆಟ್ಟಿಗೆ ಕಳುವಾಗಿದೆ ಎಂದು ದೂರು ಕೊಟ್ಟರು. ಕುಚ್ಚಲಕ್ಕಿ, ಒಣಮೀನು, ಹಪ್ಪಳ ಮಾರಿಯೇ ಕೂದಲು ನರೆಸಿಕೊಂಡ ಬ್ಯಾರಿ ಅವರು. ಬೀಗ ಮುರಿದಿರಲಿಲ್ಲ. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ.

ಕ್ಯಾಪ್ಟನ್ ಫೈಸಲ್ ಪೆಟ್ಟಿಗೆಯೊಳಗೆ ಏನಿತ್ತು ಎಂದು ಕೇಳಿದರು. ಠಾಣೆಯ ದುಭಾಷಿ ಸದಾನಂದ ಆ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದ. ಕುಂಞಿ ಅವನ ಮುಖ ನೋಡಿದರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಅದು ಠಾಣೆಯಲ್ಲಿ ಬಾಯಿ ಬಿಡುವಂಥದ್ದಲ್ಲ ಎಂಬುದೂ ಗೊತ್ತಿತ್ತು.

"ನೀವು ಇಲ್ಲಿಗೆ ಬರಬಾರದಿತ್ತು ಅಹ್ಮದಾಕ," ಎಂದ ಸದಾನಂದ ಮೆಲ್ಲಗೆ.

"ಅಂಗಡಿಗೆ ಕಳ್ಳ ಹೊಕ್ಕಿದ್ರೆ ಮತ್ತೆಲ್ಲಿಗೆ ಹೋಗ್ಲಿಕ್ಕುಂಟು? ನಿನ್ನ ಮಾವನ ಮನೆಗಾ?" ಎಂದರು ಕುಂಞಿ. "ಬೀಜ ಇತ್ತು ಅಂತ ಹೇಳು."

ಯಾವ ಬೀಜ, ಯಾಕೆ ಬೀಗ ಹಾಕಿ ಇಟ್ಟದ್ದು ಎಂದು ಕ್ಯಾಪ್ಟನ್ ಒಂದೊಂದಾಗಿ ಎಳೆದು ಕೇಳಿದರು. ಹಗ್ಗದ ತುದಿ ಸಿಕ್ಕಿದ ಮೇಲೆ ದನ ಎಷ್ಟು ದೂರ ಓಡೀತು? ಅರ್ಧ ಗಂಟೆಯೊಳಗೆ ಎಲ್ಲವೂ ಹೊರಬಿತ್ತು.

ಊರ ಕಡೆಯವರು ಸೇರಿ ನಡೆಸುವ ಆರೋಗ್ಯ ಕೂಟವೊಂದು ಕುವೈತಿನಲ್ಲಿತ್ತು. ಜಡ್ಡು ಬಿದ್ದವನಿಗೆ ಕಂಪನಿಯಿಂದ ರಜೆ ಮತ್ತು ಪಾಸ್‌ಪೋರ್ಟ್ ಬಿಡಿಸಿ, ಮಂಗಳೂರಿನ ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತುಮಾಡಿ, ವಿಮಾನ ಹತ್ತಿಸುವುದು ಅದರ ಕೆಲಸ. ಕೂಟದ ಆಡಳಿತ ಮಂಡಳಿಗೆ ಐದು ಜನ, ವಲಯಕ್ಕೊಬ್ಬರಂತೆ. ಆ ವಲಯದಲ್ಲಿ ವಾಸ ಇರುವವನೇ ನಿಲ್ಲಬೇಕು, ಅಲ್ಲಿ ವಾಸ ಇರುವವರೇ ಮತ ಹಾಕಬೇಕು. ಐದೂ ಸ್ಥಾನಗಳಿಗೆ ಒಟ್ಟಿಗೆ ಚುನಾವಣೆಯಿಲ್ಲ. ಮಂಡಳಿ ಎಂದೂ ಪೂರಾ ಹೊಸಬರ ಕೈಗೆ ಹೋಗಬಾರದೆಂದು ಸರದಿಯಂತೆ ನಡೆಯುತ್ತದೆ. ಈ ಸಲ ಇದ್ದದ್ದು ಮೀನಾ ಅಬ್ದುಲ್ಲಾ ವಲಯದ್ದೊಂದೇ. ಅಲ್ಲಿನ ಕಾರ್ಮಿಕರ ಕ್ಯಾಂಪುಗಳಲ್ಲಿ ಒಂದೇ ಲಿಪಿ ಓದುವವರು ನಾಲ್ಕು ಮಂದಿ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಹಳಬರು ಬೀಜದ ಮತ ತಂದಿದ್ದರು. ಮತದಾರನ ಕೈಗೆ ಒಂದು ಅಲಸಂಡೆ ಬೀಜ, ಒಂದು ಹೀರೆ ಬೀಜ. ಯಾವುದು ಯಾರದೆಂದು ಆ ದಿನವೇ, ಆ ಜಾಗದಲ್ಲೇ ಚೀಟಿ ಎತ್ತಿ ಹೇಳುತ್ತಾರೆ. ಮುಷ್ಟಿ ಮುಚ್ಚಿ ಒಂದನ್ನು ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ಚೀಲಕ್ಕೆ ಹಾಕುವುದು. ಶುಕ್ರವಾರ ಹಾಗೆ ತುಂಬಿದ ಪೆಟ್ಟಿಗೆಯನ್ನು ಕುಂಞಿಯ ಅಂಗಡಿಯಲ್ಲಿಟ್ಟಿದ್ದರು. ಎಣಿಕೆ ಶನಿವಾರಕ್ಕಿತ್ತು.

ಕ್ಯಾಪ್ಟನ್ ನಕ್ಕುಬಿಟ್ಟರು. ನಮ್ಮ ಜಮಇಯ್ಯಾದ ಚುನಾವಣೆಗೂ ಇಷ್ಟು ಕಟ್ಟುಪಾಡಿಲ್ಲ ಎಂದರು. ಬಡಾವಣೆಯ ಸಹಕಾರಿ ಅಂಗಡಿಯ ಮಾತು ಅದು. ನಗು ಮುಗಿದ ಮೇಲೆ, ಈ ಕೂಟಕ್ಕೆ ಪರವಾನಗಿ ಇದೆಯೇ ಎಂದು ಕೇಳಿದರು.

ಕುಂಞಿ ಇಲ್ಲವೆಂದು ತಲೆಯಾಡಿಸಿದರು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

"ಮೊದಲು ಕಳ್ಳ ಸಿಗಲಿ," ಎಂದರು ಕ್ಯಾಪ್ಟನ್. "ಉಳಿದದ್ದು ಆಮೇಲೆ."

ಊರಿನಲ್ಲಾದರೆ ಎಫ್‌ಐಆರ್ ಎನ್ನುವ ಕಾಗದ ಹತ್ತೂವರೆಗೆ ತಯಾರಾಯಿತು. ಹನ್ನೊಂದಕ್ಕೆ ಅಂಗಡಿಯಲ್ಲಿ ಸ್ಥಳ ಪಂಚನಾಮೆ. ಕಾನ್‌ಸ್ಟೇಬಲ್ ಜಾಬಿರ್ ಫೋಟೊ ತೆಗೆಯುತ್ತಿದ್ದಾಗ ಸದಾನಂದನ ತಲೆಯಲ್ಲಿ ಓಡುತ್ತಿದ್ದದ್ದು ಸೇಸಪ್ಪನ ಚಿಂತೆ. ಮೀನಾ ಅಬ್ದುಲ್ಲಾದಲ್ಲಿ ವೆಲ್ಡಿಂಗ್ ಮಾಡುವ ಸೇಸಪ್ಪನ ಮೂತ್ರಪಿಂಡಗಳು ಸೋತಿದ್ದವು. ಹಿಂದಿನಿಂದ ಆ ವಲಯದ ಸ್ಥಾನದಲ್ಲಿದ್ದ ಶೈಲೇಶ್ ಅವನನ್ನು ಈ ತಿಂಗಳ ಕೊನೆಗೆ ಮಂಗಳೂರಿಗೆ ಕಳಿಸುವುದೆಂದು ಹಾಸಿಗೆಯನ್ನೂ ಗೊತ್ತುಮಾಡಿದ್ದ. ಎದುರು ನಿಂತ ಶಫೀಕನ ವಾದ ಬೇರೆ. ಮಕ್ಕಳೊಂದಿಗರನ ಸರದಿ ಮೊದಲು, ಸೇಸಪ್ಪ ಒಂಟಿ ಮನುಷ್ಯ. ಒಂದು ವಲಯದಿಂದ ಒಂದು ಸಲಕ್ಕೆ ಒಬ್ಬನೇ. ಯಾವ ಬೀಜ ಹೆಚ್ಚು ಬಿದ್ದಿದೆ ಎಂಬುದರ ಮೇಲೆ ಸೇಸಪ್ಪ ವಿಮಾನ ಹತ್ತುವುದು ನಿಂತಿತ್ತು.

ಮಧ್ಯಾಹ್ನ ಶೈಲೇಶ್, ಶಫೀಕ್ ಇಬ್ಬರನ್ನೂ ಕರೆಸಿ ಪ್ರತ್ಯೇಕವಾಗಿ ವಿಚಾರಿಸಿದರು.

ಚುನಾವಣೆ ಕೆಟ್ಟರೆ ಯಾರಿಗೆ ಲಾಭ ಎಂದು ಕ್ಯಾಪ್ಟನ್ ಕೇಳಿದಾಗ ಶೈಲೇಶ್ ಮುಚ್ಚಿಡಲಿಲ್ಲ. ಮತ ಹಾಳಾದರೆ ಇದ್ದವನೇ ಮುಂದಿನ ಚಳಿಗಾಲದವರೆಗೆ ಮುಂದುವರಿಯಬೇಕೆಂದು ಕೂಟದ ಕಟ್ಟಳೆ, ಹಾಗಾಗಿ ಲಾಭ ತನಗೇ ಎಂದ. ಆದರೆ ಶುಕ್ರವಾರ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಅವನು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಡ್ಯೂಟಿಯಲ್ಲಿದ್ದ. ಶಫೀಕ್ ಮೇಜು ಕುಟ್ಟುವಷ್ಟು ಸಿಟ್ಟಾಗಿದ್ದ. ತನ್ನ ಪಾಲಿಗೆ ಹೀರೆ ಬೀಜ ಬಂದಿತ್ತು, ಗೆಲ್ಲುವವನು ಪೆಟ್ಟಿಗೆ ಕದಿಯುತ್ತಾನೆಯೇ ಎಂದು ಕೇಳಿದ. ಗೆಲ್ಲುತ್ತೀ ಎಂದು ಹೇಗೆ ಗೊತ್ತು ಎಂದದ್ದಕ್ಕೆ, ಕ್ಯಾಂಪಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು ಎಂದ.

ಎದುರಿನ ಲಾಂಡ್ರಿಯ ಕ್ಯಾಮೆರಾದಲ್ಲಿ ಶುಕ್ರವಾರ ಸಂಜೆಯ ಓಡಾಟ ಸಿಕ್ಕಿತು. ಗಿರಾಕಿಗಳು, ಅಕ್ಕಿ ಮೂಟೆ ಹೊರುವವರು, ಕೊನೆಗೆ ಬಿರಿಯಾನಿಯ ದೊಡ್ಡ ಪಾತ್ರೆ ಸೊಂಟಕ್ಕಿಟ್ಟುಕೊಂಡು ಹೊರಟ ಒಬ್ಬ ಹೆಂಗಸು. ಪಾತ್ರೆ ತೊಳೆಯುವವಳು ಎಂದು ಜಾಬಿರ್ ಚಿತ್ರವನ್ನು ಮುಂದೋಡಿಸಿದ. ಸದಾನಂದ ಅವಳ ಗುರುತು ಹಿಡಿದಿದ್ದ. ಅಂಗಡಿಯ ಹಿಂದಿನ ಬೀದಿಯ ವಿಲ್ಲಾದಲ್ಲಿ ಮನೆಗೆಲಸಕ್ಕಿರುವ ಕುಸುಮಾವತಿ, ಸೇಸಪ್ಪನ ಅಕ್ಕ. ಕೂಟದ ಊಟವಿದ್ದಾಗೆಲ್ಲ ಕುಂಞಿಯ ಹೆಂಡತಿ ಅಲೀಮಾಳ ಜೊತೆ ಅಡುಗೆಗೆ ನಿಲ್ಲುವವಳು. ಅಂಗಡಿಯ ನಲ್ಲಿ ಸಣ್ಣದು, ಪಾತ್ರೆಯನ್ನು ವಿಲ್ಲಾದ ಅಂಗಳಕ್ಕೆ ಒಯ್ದು ಉಜ್ಜಿ ತರುವುದು ಅವಳ ರೂಢಿ. ಇದರಲ್ಲಿ ಹೇಳುವುದೇನಿದೆ ಎಂದು ಅವನು ಸುಮ್ಮನಿದ್ದ.

ಸೋಮವಾರ ಕ್ಯಾಂಪಿಗೆ ಹೋದರು. ಸೇಸಪ್ಪ ಮಂಚದಲ್ಲಿ ಗೋಡೆಗೊರಗಿ ಕೂತಿದ್ದ. ಪಾದಗಳು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಇಂಥವನು ರುಮೈಥಿಯಾದವರೆಗೆ ಹೋಗಿ ಪೆಟ್ಟಿಗೆ ಹೊರುವುದುಂಟೇ ಎಂಬಂತೆ ಕ್ಯಾಪ್ಟನ್ ಬಾಗಿಲಲ್ಲೇ ನಿಂತು ನಾಲ್ಕು ಪ್ರಶ್ನೆ ಕೇಳಿದರು. ಮತ ಹೇಗೆ ನಡೆಯಿತು ಎಂಬುದು ಕೊನೆಯದು.

"ನಮ್ಮದು ಹೋಯ್ತು ಅಂತ ಅವತ್ತೇ ಗೊತ್ತಾಯ್ತು," ಎಂದ ಸೇಸಪ್ಪ. "ಓಟು ಹಾಕಿ ಬಂದವರು ಒಬ್ಬರೂ ನನ್ನ ಮುಖ ನೋಡ್ಲಿಲ್ಲ ಸದಾನಂದಣ್ಣ. ತಲೆ ಬಗ್ಗಿಸಿ ಹೋಗ್ತಾ ಇದ್ರು. ಅಕ್ಕನಿಗೆ ಫೋನು ಮಾಡಿ ಹೇಳಿದೆ, ಇನ್ನು ಆಸೆ ಬೇಡ ಅಂತ."

ಸದಾನಂದ ಮೊದಲಿನ ಮಾತುಗಳನ್ನು ತರ್ಜುಮೆ ಮಾಡಿ, ಕೊನೆಯದನ್ನು ಬಿಟ್ಟ. ಯಾಕೆ ಬಿಟ್ಟೆ ಎಂದು ತನ್ನನ್ನೇ ಕೇಳಿಕೊಳ್ಳುವ ಹೊತ್ತಿಗೆ ಪಾತ್ರೆ ಹೊತ್ತ ಹೆಂಗಸು ಕಣ್ಣಮುಂದೆ ಬಂದಾಗಿತ್ತು.

ಮಂಗಳವಾರ ಪೆಟ್ಟಿಗೆ ಸಿಕ್ಕಿತು. ಹಳೆಯ ಕಟ್ಟಡವೊಂದನ್ನು ಕೆಡವಿ ರಾಶಿ ಹಾಕಿದ್ದ ಸಿಮೆಂಟಿನ ತುಂಡುಗಳ ನಡುವೆ ಬಿದ್ದಿತ್ತು. ಮುಚ್ಚಳವನ್ನು ಯಾವುದೋ ಅಡುಗೆಮನೆಯ ಹತ್ಯಾರಿನಿಂದ ಮೀಟಿ ಎಬ್ಬಿಸಿದ್ದರು. ಒಳಗೆ ಏನೂ ಇಲ್ಲ. ಸುತ್ತ ಮಣ್ಣು ಕೆದಕಿ ನೋಡಿದರೂ ಒಂದು ಬೀಜ ಸಿಗಲಿಲ್ಲ. ಜಾಬಿರ್ ಪಂಚನಾಮೆ ಬರೆದ.

ವಾಪಸು ಬರುವಾಗ ಕ್ಯಾಪ್ಟನ್ ಜೀಪಿನಲ್ಲಿ ತಮ್ಮಷ್ಟಕ್ಕೆ ಯೋಚಿಸುತ್ತಿದ್ದರು. ಚುನಾವಣೆ ಕೆಡಿಸಬೇಕಾದವನು ಪೆಟ್ಟಿಗೆಯನ್ನು ಹಾಗೆಯೇ ಬಿಸಾಡಿದರೆ ಸಾಕಿತ್ತು. ತೆರೆದು, ಬೀಜ ಇಟ್ಟುಕೊಂಡು, ಪೆಟ್ಟಿಗೆ ಮಾತ್ರ ಬಿಸಾಡಿದ್ದಾನೆ. ಯಾಕೆ?

"ನೀನು ಅವರ ಊರಿನವನಲ್ಲವೇ ಸದಾ? ಬೀಜ ಯಾರಿಗೆ ಬೇಕು?"

ಸದಾನಂದ ಹುಟ್ಟಿದ್ದು ಬೇಸಾಯದ ಮನೆಯಲ್ಲಿ. ಅವನ ಅಜ್ಜಿ ಸೌತೆ ಬೀಜಕ್ಕೆ ಬೂದಿ ಹಚ್ಚಿ ಗೋಡೆಗೆ ಅಂಟಿಸುತ್ತಿದ್ದಳು. ಬೀಜ ತುಳಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಊರಿನ ಸುದ್ದಿ ಯಾರು ಕೇಳಿದರೂ ಉಬ್ಬುವ ಜೀವ. ಮಾತು ನಾಲಿಗೆ ದಾಟಿದ ಮೇಲೆಯೇ ಅವನಿಗೆ ಅರಿವಾದದ್ದು.

"ನಮ್ಮಲ್ಲಿ ಬಿತ್ತನೆ ಬೀಜವನ್ನು ಯಾರೂ ಎಸೆಯುವುದಿಲ್ಲ ಸಾರ್. ಕೈಗೆ ಸಿಕ್ಕಿದರೆ ಮಣ್ಣಿಗೆ ಹಾಕುತ್ತಾರೆ."

ಕ್ಯಾಪ್ಟನ್ ಅವನನ್ನು ಒಮ್ಮೆ ನೋಡಿ, ಜಾಬಿರನಿಗೆ ಗಾಡಿ ನಿಧಾನ ಮಾಡಲು ಹೇಳಿದರು. ರುಮೈಥಿಯಾದ ವಿಲ್ಲಾಗಳ ಮುಂದಿನ ತೋಟದ ಪಟ್ಟಿಗಳು ಒಂದೊಂದಾಗಿ ಹಿಂದೆ ಸರಿದವು. ಬಿಸಿಲಿನ ತಿಂಗಳುಗಳು ಕಳೆದು ಕುವೈತಿನ ಮಣ್ಣು ಬೀಜ ಹಿಡಿಯುವ ಕಾಲ.

ಆ ವಾರವೆಲ್ಲ ಅವನು ಕುಸುಮಾವತಿಗೆ ಒಂದು ಮಾತು ತಿಳಿಸಬೇಕೆಂದುಕೊಂಡ. ಎರಡು ಸಲ ಫೋನು ಎತ್ತಿಕೊಂಡ. ದುಭಾಷಿಯ ಫೋನಿನಿಂದ ಆರೋಪಿಗೆ ಕರೆ ಹೋದರೆ ಮೊದಲು ಹೋಗುವುದು ಈ ದೇಶದಲ್ಲಿ ವಾಸಕ್ಕಿರುವ ತನ್ನ ಇಕಾಮಾ ಎಂಬ ಲೆಕ್ಕವೂ ಜೊತೆಗೇ ಬಂತು. ಫೋನು ಕೆಳಗಿಟ್ಟ.

ಕ್ಯಾಪ್ಟನ್ ಹೇಳಿದಂತೆ ದಿನವೂ ಆ ತೋಟಗಳ ಮೇಲೆ ಕಣ್ಣಿಟ್ಟಿದ್ದ ಜಾಬಿರ್ ಹದಿನಾರರ ಭಾನುವಾರ ಬೆಳಿಗ್ಗೆ ಠಾಣೆಗೆ ಫೋನು ಮಾಡಿದ. ಅಂಗಡಿಯ ಹಿಂದಿನ ಬೀದಿ, ಮೂಲೆಯ ವಿಲ್ಲಾ, ಕಂಪೌಂಡಿನ ಒಳಬದಿ. ಹತ್ತು ಗಂಟೆಗೆ ಕ್ಯಾಪ್ಟನ್ ಮತ್ತು ಸದಾನಂದ ಅಲ್ಲಿ ಮುಟ್ಟಿದರು.

ಗೋಡೆಯ ಉದ್ದಕ್ಕೂ ಸಾಲು ಹಿಡಿದು ಎಳೆಯ ಸಸಿಗಳು ಎದ್ದಿದ್ದವು. ಮಣ್ಣು ಹದವಾಗಿ ಒದ್ದೆಯಾಗಿತ್ತು. ಹಕ್ಕಿ ಕುಕ್ಕದಂತೆ ಹಳೆಯ ಸೀರೆಯ ಅಂಚು ಕಟ್ಟಿತ್ತು. ಕುಸುಮಾವತಿ ಪೈಪು ಹಿಡಿದು ನಿಂತಿದ್ದಳು. ಐವತ್ತರ ಆಚೆಯ, ಗಟ್ಟಿ ಮೈಯ ಹೆಂಗಸು. ಜೀಪು ನೋಡಿ ಓಡಲಿಲ್ಲ. ನಲ್ಲಿ ನಿಲ್ಲಿಸಿ ಬಂದಳು.

"ಇದನ್ನು ಯಾವಾಗ ಬಿತ್ತಿದ್ದು?" ಕ್ಯಾಪ್ಟನ್ ಕೇಳಿದರು.

"ಹೋದ ಶನಿವಾರದ ಹಿಂದಿನ ಶನಿವಾರ."

"ಬೀಜ ಎಲ್ಲಿಂದ?"

ಅವಳು ಸದಾನಂದನ ಕಡೆ ತಿರುಗಿದಳು. "ಸುಳ್ಳು ಹೇಳ್ಲಾ, ನಿಜ ಹೇಳ್ಲಾ ಸದಾನಂದಣ್ಣ? ಯಾವುದರಲ್ಲಿ ನನ್ನ ತಮ್ಮನಿಗೆ ತೊಂದರೆ ಕಮ್ಮಿ?"

ಅವಳೇ ನಿಜ ಹೇಳಿದಳು. ಪಾತ್ರೆಯೊಳಗೆ ಪೆಟ್ಟಿಗೆಯಿಟ್ಟು, ಮೇಲೆ ಎಂಜಲೆಲೆ ಮುಚ್ಚಿ ತಂದದ್ದು. ಕೋಣೆಯ ಕೀಲಿಕೈ ಅಲೀಮಾಳೇ ಕೊಟ್ಟದ್ದು, ಪಾತ್ರೆ ತೆಗೆಯಲಿಕ್ಕೆ. ಅಲೀಮಾಳಿಗೆ ಬೇರೇನೂ ಗೊತ್ತಿಲ್ಲ. ಮತ ಹಾಳಾದರೆ ಶೈಲೇಶನೇ ಉಳಿಯುತ್ತಾನೆ, ತಮ್ಮ ಹೋಗುತ್ತಾನೆ ಎಂದು ಕಟ್ಟಳೆ ಬಲ್ಲವರ ಬಾಯಲ್ಲಿ ಕೇಳಿದ್ದಳು.

"ಬಿಸಾಡಿದ್ದರೆ ಸಿಗುತ್ತಿರಲಿಲ್ಲವಲ್ಲ," ಎಂದರು ಕ್ಯಾಪ್ಟನ್.

"ಪೆಟ್ಟಿಗೆ ಸಮೇತ ಬಿಸಾಡ್ಲಿಕ್ಕೇ ಹೋದದ್ದು. ಅಲ್ಲಾಡಿದಾಗ ಒಳಗೆ ಬೀಜದ ಶಬ್ದ ಆಯ್ತು. ಮನಸ್ಸು ಬರ್ಲಿಲ್ಲ." ಅವಳು ಸಸಿಗಳ ಕಡೆ ಕೈ ಮಾಡಿದಳು. "ಯಾರದ್ದೇ ಆಗ್ಲಿ, ಜೀವ ಇರುವ ಬೀಜ ಅಲ್ವಾ."

ಕ್ಯಾಪ್ಟನ್ ಸಾಲಿನ ಉದ್ದಕ್ಕೂ ನಡೆದರು. ಎಣಿಸುವ ಅಗತ್ಯವಿರಲಿಲ್ಲ. ಇಡೀ ಪಟ್ಟಿ ಒಂದೇ ತರದ ಎಲೆ, ಮೂಲೆಯಲ್ಲಿ ಮಾತ್ರ ಒಂದಷ್ಟು ದಪ್ಪ ಎಲೆಯ ಬೇರೆ ಸಸಿಗಳು. ಅವು ತಡವಾಗಿ ಈಗಷ್ಟೇ ತಲೆಯೆತ್ತಿದ್ದವು. ಮಣ್ಣಿನೊಳಗೆ ಉಳಿದದ್ದೇನಾದರೂ ಇದ್ದರೂ ಆ ಮೂಲೆಗಿಂತ ಹೆಚ್ಚು ಜಾಗದಲ್ಲಿ ಇರುವಂತಿರಲಿಲ್ಲ. ಯಾವುದು ಏನೆಂದು ಸದಾನಂದನನ್ನು ಕೇಳಿದರು. ಅವನು ಅರಬಿಯಲ್ಲಿ ಹೇಳಿದ. ಮೂಲೆಯದು ಹೀರೆ, ಶಫೀಕನದು. ಉಳಿದದ್ದೆಲ್ಲ ಅಲಸಂಡೆ, ಶೈಲೇಶನದು.

ಕುಸುಮಾವತಿಗೆ ಅಡುಗೆಮನೆಯ ಅರಬಿಯಷ್ಟೇ ಗೊತ್ತು. ಆದರೆ ಹೆಸರುಗಳಿಗೆ ಭಾಷೆ ಬೇಡ. ಅವಳದು ಬೇರೆ ವಲಯ, ಅವಳಿಗೆ ಆ ಚುನಾವಣೆಯಲ್ಲಿ ಮತವಿರಲಿಲ್ಲ. ಯಾವ ಬೀಜ ಯಾರದೆಂದು ಕ್ಯಾಂಪಿನಲ್ಲಿ ಹೇಳಿದ್ದು ಅವಳ ಕಿವಿಗೆ ಬಿದ್ದಿರಲಿಲ್ಲ. ಪೆಟ್ಟಿಗೆ ತೆರೆದ ದಿನ ಅಲಸಂಡೆಯ ರಾಶಿ ಕಂಡು, ಇವೆಲ್ಲ ತಮ್ಮನಿಗೆ ಬೆನ್ನು ಹಾಕಿದವರ ಮತ ಎಂದೇ ತಿಳಿದಿದ್ದಳು.

"ಎಂತ ಹೇಳಿದ್ದು ನೀವು? ಇದೆಲ್ಲ ಶೈಲೇಶನದ್ದಾ?"

ಸದಾನಂದ ಹೌದೆಂದ.

"ಮತ್ತೆ ನನ್ನ ತಮ್ಮನ ಮುಖ ಯಾಕೆ ನೋಡ್ಲಿಲ್ಲ ಅವರು?"

"ಹೇಗೆ ನೋಡುದು ಕುಸುಮಕ್ಕ? ಅವನ ಕಾಲು ನೋಡಿದ್ದೀರಲ್ಲ."

ಅವಳು ಅಲ್ಲೇ ಮಣ್ಣಿನ ಪಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಳಲಿಲ್ಲ. ಮಹಿಳಾ ಪೊಲೀಸರ ಗಾಡಿ ಬರುವಷ್ಟರಲ್ಲಿ ಬುಡದಲ್ಲಿದ್ದ ಒಂದು ಹುಲ್ಲು ಕಿತ್ತಳು, ಮತ್ತೊಂದು ಕಿತ್ತಳು. ಮನೆಯೊಡತಿ ಬಾಗಿಲಿಗೆ ಬಂದು ಕಾರಣ ಕೇಳಿ, ಖಲಾಸ್, ಇನ್ನು ಇವಳು ಬೇಡ ಎಂದು ಒಳಗೆ ಹೋದಳು. ಮಧ್ಯಾಹ್ನ ಹನ್ನೆರಡು ಗಂಟೆಗೆ ಬಂಧನ ದಾಖಲಾಯಿತು.

ಕುಂಞಿ ಓಡಿ ಬಂದು ದೂರು ಹಿಂತೆಗೆಯುತ್ತೇನೆ ಎಂದರು. ತನ್ನದೇನೂ ಕಳೆದಿಲ್ಲ, ಪೆಟ್ಟಿಗೆಯೂ ಸಿಕ್ಕಿತು, ಆ ಹೆಂಗಸು ತನ್ನ ತಂಗಿಯ ಹಾಗೆ ಎಂದು ಆಣೆ ಹಾಕಿದರು. ಕ್ಯಾಪ್ಟನ್ ಗದರಲಿಲ್ಲ. ಚಹಾ ತರಿಸಿದರು. ಆದರೆ ಹೇಳಿಕೆಯ ಕಾಗದದಲ್ಲಿ ಪರವಾನಗಿಯಿಲ್ಲದ ಕೂಟ, ಪರವಾನಗಿಯಿಲ್ಲದ ಚುನಾವಣೆ ಎಂದು ಬರೆದಾಗಿತ್ತು, ಮೇಲಕ್ಕೂ ಹೋಗಿತ್ತು. ಆ ವಾರದ ಕೊನೆಗೆ ಐದು ವಲಯದವರನ್ನೂ ಕರೆಸಿ, ಇನ್ನು ಸೇರುವುದಿಲ್ಲ ಎಂದು ಸಹಿ ಹಾಕಿಸಿಕೊಂಡರು. ಅಲಸಂಡೆ ಗೆದ್ದ ಸಂಗತಿಯನ್ನು ಘೋಷಿಸಲು ಮಂಡಳಿಯೇ ಇರಲಿಲ್ಲ. ಕೂಟದ ಹೆಸರಿಲ್ಲದೆ ಶೈಲೇಶ್ ಒಬ್ಬನೇ ಸೇಸಪ್ಪನ ಕಂಪನಿಯ ಬಾಗಿಲಿಗೆ ಹೋದ. ಗೇಟಿನವನು ಒಳಗೆ ಬಿಡಲಿಲ್ಲ. ಮಂಗಳೂರಿನ ಹಾಸಿಗೆ ಬೇರೆ ರೋಗಿಗೆ ಹೋಯಿತು.

ಕುಸುಮಾವತಿಯನ್ನು ಗಡೀಪಾರು ಮಾಡುವುದೆಂದಾಯಿತು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ದಿನ ಅದರಲ್ಲಿದ್ದದ್ದನ್ನು ಓದಿ ಹೇಳುವ ಕೆಲಸ ಸದಾನಂದನಿಗೆ ಬಂತು. ಇನ್ನು ಈ ದೇಶಕ್ಕೆ ಬರುವಂತಿಲ್ಲ ಎಂಬ ಸಾಲಿಗೆ ಅವಳು ಹೂಂ ಎಂದಳು. ಟಿಕೇಟು ಯಾವ ಊರಿಗೆ ಎಂದು ಕೇಳಿದಳು.

"ಮಂಗಳೂರಿಗೆ. ಬರುವ ಗುರುವಾರ."

ತಿಂಗಳ ಕೊನೆಯ ಗುರುವಾರ. ಸೇಸಪ್ಪನಿಗೆಂದು ಶೈಲೇಶ್ ಗೊತ್ತುಮಾಡಿದ್ದ ವಿಮಾನವೂ ಅದೇ.

ಅವಳು ಮುಂದಕ್ಕೆ ಬಾಗಿ ಕೇಳಿದಳು. "ನನ್ನ ಬದಲಿಗೆ ಅವನನ್ನು ಗಡೀಪಾರು ಮಾಡ್ಲಿಕ್ಕೆ ಆಗುದಿಲ್ವಾ? ಒಂದು ಸಲ ಕೇಳಿ ನೋಡಿ ಅವರ ಹತ್ರ. ಕದ್ದದ್ದು ಅವನೇ ಅಂತ ಬರೆದುಕೊಳ್ಲಿ."

ಸದಾನಂದ ಅದನ್ನು ಅರಬಿಗೆ ತಿರುಗಿಸಿದ. ಒಂದು ಮಾತನ್ನೂ ಬಿಡಲಿಲ್ಲ. ಕ್ಯಾಪ್ಟನ್ ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡು, ಮಸಿಯ ಡಬ್ಬಿಯನ್ನು ಅವಳ ಕೈಯ ಹತ್ತಿರ ಸರಿಸಿದರು.