ಹೊಸ್ತಿಲ ಹೊರಗೆ ಮೂರು ಮೀನು

“ಅಮ್ಮಾ, ಗುಳ್ಳೆ ನಿಂತೋಯ್ತು.”

ಸಿಂಚನ ಬಕೆಟ್ಟಿನ ಮೇಲೆ ಬಗ್ಗಿದಳು. ಸೆಲ್ ಹಾಕಿದ ಪುಟ್ಟ ಪಂಪು ಬೆಳಗಿನಿಂದ ಗುರ್ ಅನ್ನುತ್ತಾ ನೀರಿಗೆ ಗಾಳಿ ಊದುತ್ತಿತ್ತು. ಈಗ ಸದ್ದಿಲ್ಲ. ಅಲ್ಲಾಡಿಸಿದಳು. ಸ್ವಿಚ್ ಒತ್ತಿ ಬಿಟ್ಟಳು. ಊಹುಂ.

ಬಕೆಟ್ಟಿನಲ್ಲಿ ಮೂರು ಮೀನಿದ್ದವು. ಎರಡು ಕಿತ್ತಳೆ ಬಣ್ಣದವು, ಒಂದು ಹಳದಿ. ಹಳದಿ ಮೀನಿಗೆ ‘ಅರಿಶಿನಿ’ ಅಂತ ಹೆಸರಿಟ್ಟಿದ್ದು ಅಜ್ಜಿ. ಇವು ಸಮುದ್ರದ ಮೀನು, ಉಪ್ಪು ನೀರಿನಲ್ಲೇ ಬದುಕಬೇಕು. ಕೃಷ್ಣಮೂರ್ತಿಪುರಂನ ಬಾಡಿಗೆ ಮನೆಯಲ್ಲಿ ಇವಕ್ಕೆ ಮಂಚದಷ್ಟು ಉದ್ದದ ಗಾಜಿನ ಟ್ಯಾಂಕಿತ್ತು.

“ಮೂರು ಮೀನಿಗೆ ಇಷ್ಟ್ ದೊಡ್ ಮನೆನಾ ಸಾರ್? ನಮ್ಮನೇಲಿ ಎಲ್ರೂ ಒಂದೇ ರೂಮಲ್ಲಿ ಮಲಗ್ತೀವಿ” ಅಂತ ಟೆಂಪೋ ಬೀರೇಶ್ ನಕ್ಕಿದ್ದ.

ಅಪ್ಪ ಯೋಗೇಂದ್ರ ಇವರನ್ನು ಹಿನಕಲ್‌ನ ಹೊಸ ಮನೆಯ ಮುಂದೆ ಇಳಿಸಿ, ಆ ಟ್ಯಾಂಕ್ ತರಲು ಬೀರೇಶನ ಜೊತೆ ವಾಪಸ್ ಹೋಗಿದ್ದರು. ಹೋಗುವಾಗ ಸಿಂಚನಳ ಕೈಗೆ ಕರೆಂಟಿನ ಪಂಪು ಕೊಟ್ಟು, “ಗುಳ್ಳೆ ನಿಲ್ದಂಗೆ ನೋಡ್ಕೋ ಮಗಳೇ. ಒಳಗೆ ಹೋದ ತಕ್ಷಣ ಇದನ್ನ ಹಾಕ್ಬುಡು” ಅಂದಿದ್ದರು.

ಪಂಪು ಕೈಯಲ್ಲೇ ಇತ್ತು. ಅದರ ವೈರು ಒಂದು ಮೊಳ. ಪ್ಲಗ್ ಪಾಯಿಂಟು ಬಾಗಿಲಿನಿಂದಲೇ ಕಾಣುತ್ತಿತ್ತು, ಒಳಗೆ ಎದುರು ಗೋಡೆಯಲ್ಲಿ. ನಡುವೆ ಹೊಸ್ತಿಲು. ಹೊಸ್ತಿಲ ಪಕ್ಕ ಅಜ್ಜಿ ಚಾಮುಂಡಮ್ಮ ಕೂತಿದ್ದರು.

“ಅಜ್ಜಿ, ಬಕೆಟ್ ಒಳಗಿಡ್ಲಾ?”

“ಹಾಲು ಉಕ್ಕಲಿ.”

“ಎಂಗೆ ಉಕ್ಕುತ್ತೆ? ಗ್ಯಾಸೇ ಹಚ್ಚೋಕಾಗ್ತಿಲ್ವಲ್ಲ.”

ನಿಜವೇ. ಒಲೆ ಬಂದಿತ್ತು, ಸಿಲಿಂಡರೂ ಬಂದಿತ್ತು. ರೆಗ್ಯುಲೇಟರ್ ಮಾತ್ರ ಹಳೆ ಮನೆಯ ಅಡುಗೆಕಟ್ಟೆಯ ಮೇಲೆ ಉಳಿದುಬಿಟ್ಟಿತ್ತು. ಅಮ್ಮ ವಾಣಿ ಹಾಲಿನ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿಟ್ಟು ಕಾಯುತ್ತಿದ್ದಳು. ಕೇಳಿ ತರೋಣ ಎಂದರೆ ಸುತ್ತ ಬರೀ ಖಾಲಿ ಸೈಟು.

ಅಮ್ಮ ಫೋನ್ ಹಿಡಿದು ಬಾಗಿಲಿಗೆ ಬಂದಳು. “ಫ್ಲೈಓವರ್ ಹತ್ರ ಜಾಮಂತೆ. ಗಾಜು ಇದೆ, ನಿಧಾನಕ್ಕೇ ಬರ್ಬೇಕಂತೆ.” ಆಮೇಲೆ ಮೆಲ್ಲಗೆ ಕೇಳಿದಳು, “ಅತ್ತೆ, ಒಂದು ಬಕೆಟ್ ತಾನೆ…”

“ನೀನೂ ಹಂಗನ್ನಬೇಡ ವಾಣಿ. ಉಪ್ಪು, ನೀರು, ದೇವರ ಪಟ, ಹಾಲು ಕಾಯಿಸೋ ಸಾಮಾನು. ಅಷ್ಟು ಬಿಟ್ಟು ಇನ್ನೇನೂ ಮೊದಲು ಒಳಗೆ ಹೋಗಕೂಡದು. ಆ ಮನೆಗೆ ಬಂದಾಗ ಮಳೆ ಬಂತು ಅಂತ ಮಂಚ ಒಳಗಿಟ್ಬುಟ್ವಿ. ಅದೇ ಮಂಚದ ಮೇಲೆ ನಿಮ್ಮಾವ ವರ್ಷವೆಲ್ಲ ಮಲಗಿದ್ರು. ಏಳಲೇ ಇಲ್ಲ.”

ಅಮ್ಮ ಹಾಲಿನ ಪಾತ್ರೆಯ ಹತ್ತಿರ ವಾಪಸ್ ಹೋದಳು.

ಸಿಂಚನ ಬಕೆಟ್ಟಿನತ್ತ ತಿರುಗಿದಳು. ಅರಿಶಿನಿ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ನೋಡುತ್ತಿದ್ದಂತೆ ಒಂದು ಪಕ್ಕಕ್ಕೆ ವಾಲಿತು. ಸಿಂಚನಳ ಹೊಟ್ಟೆಯೊಳಗೆ ಏನೋ ಜಾರಿದಂತಾಯಿತು.

ಮೇಲಿಂದ ಬೀಳುವ ನೀರು ಗಾಳಿಯನ್ನೂ ಎಳೆದುಕೊಂಡು ಹೋಗುತ್ತೆ ಅಂತ ಅಪ್ಪ ಒಮ್ಮೆ ತೋರಿಸಿದ್ದರು. ಅವಳು ಸಾಮಾನಿನ ರಾಶಿಯಿಂದ ಮಗ್ಗು ಎಳೆದುಕೊಂಡಳು. ಬಕೆಟ್ಟಿನ ನೀರನ್ನೇ ಮೊಗೆದು, ಎತ್ತಿ, ಬಕೆಟ್ಟಿಗೇ ಸುರಿದಳು. ಮತ್ತೆ ಮೊಗೆದಳು. ಮತ್ತೆ ಸುರಿದಳು.

“ಎಷ್ಟೊತ್ತು ಹಿಂಗೆ ಸುರೀತೀಯ?” ಅಜ್ಜಿ ಕೇಳಿದರು.

“ಅಪ್ಪ ಬರೋವರ್ಗೂ.”

ತೋಳು ನೋಯತೊಡಗಿತು. ನಿಲ್ಲಿಸಿದರೆ ಏನಾಗುತ್ತೆ ಅಂತ ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ. ಮಗ್ಗು ವಾಲಿ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಅಷ್ಟು ನೀರೂ ಹೋಯಿತಲ್ಲ ಅಂತ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದಳು.

ಮಂಡಿ ಹಿಡಿದುಕೊಂಡು ಎದ್ದ ಅಜ್ಜಿ ಪಕ್ಕಕ್ಕೆ ಬಂದು ಕೂತರು. “ಕೊಡಿಲ್ಲಿ. ಹಂಗಲ್ಲ ಕಣೇ. ಕಾಫಿ ಆರಿಸೋ ಹಂಗೆ, ಸಣ್ಣಗೆ, ಎತ್ತರದಿಂದ.”

ಅಜ್ಜಿ ಸುರಿದ ನೀರು ದಾರದ ಹಾಗೆ ಇಳಿದು ನೊರೆ ಎಬ್ಬಿಸಿತು. ಅವರಿಗೂ ಏದುಸಿರು ಬಂತು. ಅರಿಶಿನಿ ನೆಟ್ಟಗಾಗಲು ನೋಡಿತು. ಆಗಲಿಲ್ಲ. ಬಾಲದಿಂದ ಒಮ್ಮೆ ಪಟಾರನೆ ಹೊಡೆಯಿತು. ನೀರು ಅಜ್ಜಿಯ ಮುಖಕ್ಕೆ ಸಿಡಿಯಿತು.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. ತುಟಿ ಸವರಿಕೊಂಡರು. ಹಾಗೇ ಕೂತುಬಿಟ್ಟರು.

“ಏನಾಯ್ತಜ್ಜಿ?”

ಅಜ್ಜಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡಿದರು. ಬಾಗಿಲ ಕಡೆ ನೋಡಿದರು. ಮೀನನ್ನು ನೋಡಿದರು.

“ಉಪ್ಪೂ ಐತೆ. ನೀರೂ ಐತೆ” ಅಂದರು, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ ದನಿ ತಗ್ಗಿಸಿ, “ವಾಣಿ, ಬಾ. ಒಂದ್ ಕಡೆ ನೀನು ಹಿಡ್ಕೊ. ಸಿಂಚು, ಬಲಗಾಲು ಮುಂದಿಡು.”

ಅಮ್ಮ ಒಂದು ಕಡೆ, ಸಿಂಚನ ಒಂದು ಕಡೆ. ಅಜ್ಜಿಯ ಕೈ ಬಕೆಟ್ಟಿನ ಅಂಚಿನ ಮೇಲಿತ್ತು. ಹೊಸ್ತಿಲು ದಾಟುವಾಗ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು.

ಪ್ಲಗ್ ಹಾಕಿದರು. ಬುಳುಬುಳು ಅಂತ ಗುಳ್ಳೆ ಎದ್ದವು. ಕಿತ್ತಳೆ ಮೀನುಗಳು ಗುಳ್ಳೆಯ ಹತ್ತಿರ ಬಂದವು. ಅರಿಶಿನಿ ಬಹಳ ಹೊತ್ತು ವಾಲಿಕೊಂಡೇ ಇತ್ತು. ಆಮೇಲೆ ಒಂದು ರೆಕ್ಕೆ ಆಡಿಸಿತು. ಅಪ್ಪನ ಟೆಂಪೋ ಹಾರ್ನ್ ಕೇಳುವಷ್ಟರಲ್ಲಿ ಮೆಲ್ಲಗೆ ನೆಟ್ಟಗಾಯಿತು.

ರೆಗ್ಯುಲೇಟರ್ ಬಂತು. ಒಲೆ ಹತ್ತಿತು. ಅಪ್ಪ ಒಳಗೆ ಕಾಲಿಟ್ಟವರೇ ಬಕೆಟ್ ನೋಡಿ ನಿಂತರು. “ಆಗ್ಲೇ ಒಳಗೆ ತಂದ್ಬುಟ್ರಾ? ಯಾರು ತಂದಿದ್ದು?”

ಅಜ್ಜಿ ತಲೆ ತಗ್ಗಿಸಿದರು.

“ಎಲ್ರೂ ಸೇರಿ ತಂದ್ವಿ” ಅಂದಳು ಸಿಂಚನ.

ಎಲ್ಲರೂ ಹಾಲಿನ ಪಾತ್ರೆಯ ಸುತ್ತ ನಿಂತರು. ಹಾಲು ಅಲುಗಲೇ ಇಲ್ಲ. ಅಜ್ಜಿಯ ಕೈ ಸಿಂಚನಳ ಕೈಯನ್ನು ಹುಡುಕಿ ಹಿಡಿದುಕೊಂಡಿತು. ಅಷ್ಟೊತ್ತು ಮುಟ್ಟಿದ್ದ ಬಕೆಟ್ಟಿನ ನೀರು ಬೆಚ್ಚಗಿತ್ತು. ಅಜ್ಜಿಯ ಕೈ ಮಾತ್ರ ತಣ್ಣಗಿತ್ತು.

ಸಿಂಚನ ಅಜ್ಜಿಯ ಮುಖ ನೋಡಿದಳು. ಮೀನು ವಾಲಿದಾಗ ತನ್ನ ಹೊಟ್ಟೆಯಲ್ಲಿ ಆಗಿದ್ದು ಅಜ್ಜಿಗೆ ಈಗಲೂ ಆಗುತ್ತಿದೆ. ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಅಜ್ಜಿ ಹೊಸ್ತಿಲು ದಾಟಿದ್ದರು.

ಹಾಲು ಅಂಚಿನಲ್ಲಿ ಗುಳ್ಳೆ ಕಟ್ಟಿತು. ಏರಿತು. ಪೂರ್ವದ ಕಡೆ ಉಕ್ಕಿ ಹರಿಯಿತು.

ಅಜ್ಜಿಯ ಹಿಡಿತ ಸಡಿಲವಾಯಿತು. ಸಿಂಚನ ಮಾತ್ರ ಕೈ ಬಿಡಲಿಲ್ಲ.